ಎಡಗೈಗೂ ಗೊತ್ತು

ಹೋದ ಭಾನುವಾರ ರಾಮನಗರಕ್ಕೆ ಹೋಗಿದ್ದೆ. ಜಗಲಿಯ ಮೇಲೆ ಅಕ್ಕನ ಮಗಳು ಪುಟ್ಟಿ ಮುಖ ಊದಿಸಿಕೊಂಡು ಕೂತಿದ್ದಳು. ಯುಕೆಜಿ ಓದುವ ಮಗು. ಎದುರಿಗೆ ಕಾಪಿ ಪುಸ್ತಕ, ಬಲಗೈಯಲ್ಲಿ ಪೆನ್ಸಿಲ್ಲು, ಪುಟದ ತುಂಬಾ ಅಡ್ಡಾದಿಡ್ಡಿಯಾಗಿ ಅ ಆ ಇ ಈ. ಈ ಹುಡುಗಿ ಹುಟ್ಟಾ ಎಡಚಿ. ಚಮಚ ಹಿಡಿಯುವುದು, ಚೆಂಡು ಎಸೆಯುವುದು, ನನ್ನ ಬೆನ್ನಿಗೆ ಗುದ್ದುವುದು, ಎಲ್ಲಾ ಎಡಗೈಯಲ್ಲೇ. ಶಾಲೆಯಲ್ಲಿ ಮಿಸ್ಸು ಅದನ್ನು 'ಬ್ಯಾಡ್ ಹ್ಯಾಂಡ್' ಅಂತ ಹೇಳಿ ಪೆನ್ಸಿಲ್ಲನ್ನು ಬಲಗೈಗೆ ಕೊಡಿಸಿದ್ದಾರೆ. (ಶಾಲೆ ಯಾವುದು ಅಂತ ಕೇಳಬೇಡಿ. ಇದು ಒಂದು ಶಾಲೆಯ ಕಥೆಯೂ ಅಲ್ಲ.) ಅಕ್ಕನಿಗೂ ಅದೇ ಸರಿ ಅನ್ನಿಸಿದೆ.

"ಈಗ್ಲೇ ತಿದ್ದಬೇಕು ಕಣೋ. ನಾಳೆ ದೊಡ್ಡವಳಾಗಿ ಮದುವೆ ಮನೇಲಿ ಎಡಗೈಲಿ ಬಡಿಸೋಕೆ ನಿಂತ್ರೆ ಜನ ಏನಂತಾರೆ?" ಅಂದಳು ಅಕ್ಕ.

ನಾನು ಬಾಯಿ ತೆರೆಯುವ ಮೊದಲೇ ಒಳಗಿಂದ ಅಮ್ಮ ಬಂದಳು. "ಎಡಗೈ ಕೆಟ್ಟ ಕೈ ಅಂದೋರು ಯಾರು? ಇಪ್ಪತ್ತು ವರ್ಷ ಬೇಸಿನ್ ಮುಂದೆ ಕೂತು ಎಳೆ ಹಿಡಿದಿದ್ದು ಈ ಕೈ ಕಣವ್ವಾ. ಇದಿಲ್ದಿದ್ರೆ ಇವನ ಇಂಜಿನಿಯರಿಂಗ್ ಫೀಸು ಎಲ್ಲಿಂದ ಬರ್ತಿತ್ತು?"

ತಮಾಷೆ ಅಂದರೆ ಅಮ್ಮ ಎಡಚಿ ಅಲ್ಲವೇ ಅಲ್ಲ. ಊಟ, ಬರಹ, ಸೌದೆ ಒಡೆಯುವುದು, ಎಲ್ಲಾ ಬಲಗೈ. ಹಾಗಾದರೆ ಎಡಗೈಗೆ ಇಷ್ಟೊಂದು ಗೌರವ ಯಾಕೆ? ಕೇಳಿದೆ. ಅಮ್ಮ ಒಂದೇ ಮಾತಲ್ಲಿ ಮುಗಿಸಿದಳು: "ಬಲಗೈ ಕೆಲಸ ಮಾಡುತ್ತೆ, ಎಡಗೈ ನೋಡ್ಕೊಳ್ಳುತ್ತೆ."

ಟ್ರೇನಿನಲ್ಲಿ ವಾಪಸ್ ಬೆಂಗಳೂರಿಗೆ ಬರುವಾಗ ಆ ಮಾತು ತಲೆಯಲ್ಲೇ ಸುತ್ತುತ್ತಿತ್ತು. ಬಂದವನೇ ಒಂದಿಷ್ಟು ಓದಿದೆ. ಓದಿದಷ್ಟೂ ಅಮ್ಮ ಹೇಳಿದ್ದು ಬರೀ ಸಿಟ್ಟಿನ ಮಾತಲ್ಲ ಅನ್ನಿಸಿತು. ಅದಕ್ಕೇ ಈ ಬರಹ.

ಮೊದಲು ಅಮ್ಮನ ಕೆಲಸ ಏನು ಅಂತ ಹೇಳಿಬಿಡುತ್ತೇನೆ. ರೇಷ್ಮೆ ಗೂಡನ್ನು ಬಿಸಿ ನೀರಲ್ಲಿ ಬೇಯಿಸಿದಾಗ ಅದರ ಅಂಟು, ಅಂದರೆ ಸೆರಿಸಿನ್, ಮೆತ್ತಗಾಗಿ ಎಳೆಯ ತುದಿ ಬಿಡಿಸಿಕೊಳ್ಳುತ್ತದೆ. ಹಾಗೆ ತುದಿ ಸಿಕ್ಕ ಎಂಟೋ ಹತ್ತೋ ಗೂಡುಗಳ ಎಳೆ ಸೇರಿ ಒಂದು ನೂಲು. ಒಂದು ಗೂಡು ಮುಗಿಯಿತು ಅಂದರೆ ನೂಲು ತೆಳುವಾಗುತ್ತದೆ, ತಕ್ಷಣ ಇನ್ನೊಂದು ಗೂಡಿನ ತುದಿಯನ್ನು ಓಡುತ್ತಿರುವ ನೂಲಿಗೆ ಸಿಕ್ಕಿಸಬೇಕು. ತಡವಾದರೆ ನೂಲು ಸಣ್ಣ, ಜಾಸ್ತಿ ಸಿಕ್ಕಿಸಿದರೆ ದಪ್ಪ. ಎರಡಕ್ಕೂ ರೇಟು ಬೀಳುತ್ತದೆ. ಅಮ್ಮನ ಎಡಗೈಯಲ್ಲಿ ತಯಾರಾಗಿರುವ ತುದಿಗಳ ಗೊಂಚಲು. ಬಲಗೈ ಅದರಿಂದ ಒಂದನ್ನು ಕಿತ್ತು ಚಟಕ್ಕನೆ ಎಸೆಯುತ್ತದೆ. ಎಸೆಯುವುದು ಕಣ್ಣಿಗೆ ಕಾಣುವ ಕೆಲಸ. ಯಾವ ತುದಿ ಗಟ್ಟಿ, ಯಾವುದು ಬರೀ ಕಸದ ಜೊಂಪೆ ಅಂತ ಹೆಬ್ಬೆರಳು ತೋರುಬೆರಳ ನಡುವೆ ತಿಳಿದುಕೊಳ್ಳುವುದು ಎಡಗೈ. ಒಂದು ಗೂಡಿನ ಎಳೆ ನಮ್ಮ ತಲೆಗೂದಲಿಗಿಂತ ಎಷ್ಟೋ ಪಾಲು ಸಣ್ಣದು. ಆ ಹಬೆಯಲ್ಲಿ ಕಣ್ಣಿಗೆ ಅದೆಲ್ಲಿ ಕಾಣಬೇಕು!

ಈಗ ಪ್ರಶ್ನೆ. ಎಡಗೈಯ ಸ್ಪರ್ಶವೇ ಬೇರೆ, ಬಲಗೈಯ ಸ್ಪರ್ಶವೇ ಬೇರೆಯಾ?

ಚರ್ಮದ ಲೆಕ್ಕದಲ್ಲಿ ನೋಡಿದರೆ ದೊಡ್ಡ ವ್ಯತ್ಯಾಸ ಏನಿಲ್ಲ. ಜರ್ಮನಿಯ ಅರ್ನ್‌ಸ್ಟ್ ವೆಬರ್ 1834ರಲ್ಲೇ ಸ್ಪರ್ಶದ ಬಗ್ಗೆ ಒಂದು ಪುಸ್ತಕ ಬರೆದ. ಕೈವಾರದ ಎರಡು ಮೊನೆಗಳನ್ನು ಮೈಮೇಲೆ ಒಟ್ಟಿಗೆ ಊರಿ, ಎರಡು ಅಂತ ಗೊತ್ತಾಗಲು ಎಷ್ಟು ದೂರ ಇರಬೇಕು ಅಂತ ಅಳೆದ. ಬೆರಳ ತುದಿಯಲ್ಲಿ ಸುಮಾರು 2 ಮಿಲಿಮೀಟರ್ ಸಾಕು. ಬೆನ್ನಿನ ಮೇಲಾದರೆ 4 ಸೆಂಟಿಮೀಟರ್ ಆದರೂ ಬೇಕು. ಹೇರ್‌ಪಿನ್ ಬಗ್ಗಿಸಿ ಮನೆಯಲ್ಲೇ ಮಾಡಿ ನೋಡಬಹುದು. ಎಡ ತೋರುಬೆರಳು, ಬಲ ತೋರುಬೆರಳು ಎರಡೂ ಹೆಚ್ಚು ಕಡಿಮೆ ಒಂದೇ ಉತ್ತರ ಕೊಡುತ್ತವೆ.

ವ್ಯತ್ಯಾಸ ಶುರುವಾಗುವುದು ಮೇಲೆ, ಮಿದುಳಿನಲ್ಲಿ. ಕೈಯಿಂದ ಹೊರಟ ಸ್ಪರ್ಶದ ಸುದ್ದಿ ಮಿದುಳಿನ ಬುಡದಲ್ಲಿ ಪಕ್ಕ ಬದಲಾಯಿಸುತ್ತದೆ. ಎಡಗೈಯದು ಬಲ ಮಿದುಳಿಗೆ, ಬಲಗೈಯದು ಎಡ ಮಿದುಳಿಗೆ. ಹೆಚ್ಚಿನವರಲ್ಲಿ ಮಾತಿನ ಮುಖ್ಯ ಕಚೇರಿ ಎಡ ಮಿದುಳು. ಆಕಾರ, ಜಾಗ, ಇವುಗಳ ಲೆಕ್ಕದಲ್ಲಿ ಬಲ ಮಿದುಳು ಕೊಂಚ ಮುಂದು. 'ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು' ಅನ್ನುತ್ತಾರಲ್ಲ, ಅದು ನಿಜಕ್ಕೂ ಆಗಿರುವ ಜನರಿದ್ದರು. ತೀವ್ರವಾದ ಮೂರ್ಛೆರೋಗಕ್ಕೆ ಚಿಕಿತ್ಸೆ ಅಂತ ಮಿದುಳಿನ ಎರಡು ಭಾಗಗಳ ನಡುವಿನ ನರಗಳ ಸೇತುವೆಯನ್ನು ಕತ್ತರಿಸಿಕೊಂಡವರು. ರೋಜರ್ ಸ್ಪೆರಿ ಮತ್ತು ಸಂಗಡಿಗರು ಅವರ ಮೇಲೆ ಪ್ರಯೋಗ ಮಾಡಿದರು. ಕಾಣದಂತೆ ಎಡಗೈಗೆ ಒಂದು ವಸ್ತು ಕೊಟ್ಟರೆ ಅದು ಏನು ಅಂತ ಬಾಯಿ ಹೇಳುತ್ತಿರಲಿಲ್ಲ. ಆದರೆ ಅದೇ ಎಡಗೈ, ಹತ್ತು ವಸ್ತುಗಳ ರಾಶಿಯಿಂದ ಅದನ್ನೇ ಹುಡುಕಿ ತೆಗೆಯುತ್ತಿತ್ತು. ಗೊತ್ತು, ಆದರೆ ಹೇಳಲು ಬಾರದು. ಸ್ಪೆರಿಗೆ 1981ರಲ್ಲಿ ನೊಬೆಲ್ ಬಂತು.

ನಮ್ಮ ನಿಮ್ಮ ತಲೆಯಲ್ಲಿ ಆ ಸೇತುವೆ ಗಟ್ಟಿಯಾಗಿದೆ, ಹಾಗಾಗಿ ಸುದ್ದಿ ಆಚೆ ಈಚೆ ಓಡಾಡುತ್ತದೆ. ಆದರೂ ಸಣ್ಣ ವ್ಯತ್ಯಾಸ ಉಳಿಯುತ್ತದೆ ಅಂತ ಕೆಲವು ಪ್ರಯೋಗಗಳು ತೋರಿಸಿದವು. 1971ರಲ್ಲಿ ಬೀಟ್ ಹರ್ಮೆಲಿನ್ ಮತ್ತು ನೀಲ್ ಓ'ಕಾನರ್ ಎಂಬ ಇಬ್ಬರು ಕುರುಡು ಮಕ್ಕಳಿಗೆ ಬ್ರೈಲ್ ಓದಿಸಿದಾಗ ಎಡಗೈ ಹೆಚ್ಚು ಚುರುಕಾಗಿ ಓದಿತು. ಸಾಂಡ್ರಾ ವಿಟೆಲ್ಸನ್ ಅನ್ನುವವರು ಎರಡೂ ಕೈಗೆ ಒಟ್ಟಿಗೆ ಅರ್ಥವಿಲ್ಲದ ಆಕಾರಗಳನ್ನು ಕೊಟ್ಟು ಮುಟ್ಟಿಸಿದರು. ಅಲ್ಲಿಯೂ ಹುಡುಗರಲ್ಲಿ ಎಡಗೈ ಮೇಲುಗೈ!

ಇಷ್ಟು ಓದಿ ಅಮ್ಮನಿಗೆ ಫೋನ್ ಮಾಡಿ "ನೀನು ಹೇಳಿದ್ದೇ ಸರಿ, ಸೈನ್ಸೂ ಅದನ್ನೇ ಹೇಳುತ್ತೆ" ಅನ್ನಬಹುದಿತ್ತು. ಆದರೆ ಮುಂದೆ ಓದಿದರೆ ಕಥೆ ಅಷ್ಟು ಸಲೀಸಿಲ್ಲ. ಬ್ರೈಲ್ ಬಗ್ಗೆ ವರ್ಷಾನುಗಟ್ಟಲೆ ಕೆಲಸ ಮಾಡಿದ ಸುಸಾನಾ ಮಿಲ್ಲರ್ ಎಲ್ಲರಿಗೂ ಹೊಂದುವಂಥ 'ಒಳ್ಳೆಯ ಕೈ' ಅಂತ ಒಂದಿಲ್ಲ ಅಂದರು. ಕೆಲವರಿಗೆ ಎಡ, ಕೆಲವರಿಗೆ ಬಲ. ಚೆನ್ನಾಗಿ ಓದುವ ಬಹಳ ಮಂದಿ ಎರಡನ್ನೂ ಬಳಸುತ್ತಾರೆ. ಬಲಗೈ ಒಂದು ಸಾಲಿನ ಕೊನೆ ಓದುತ್ತಿರುವಾಗಲೇ ಎಡಗೈ ಮುಂದಿನ ಸಾಲಿನ ತಲೆ ಹುಡುಕಿ ಕಾದು ಕೂತಿರುತ್ತದೆ. ಓದುತ್ತಾ ನನಗೆ ಅಮ್ಮನ ಬೇಸಿನ್ನೇ ಕಣ್ಣ ಮುಂದೆ ಬಂತು. ಒಂದು ಕೈ ಕೆಲಸದಲ್ಲಿ, ಇನ್ನೊಂದು ಕಾವಲಿನಲ್ಲಿ.

ಇನ್ನೂ ದೊಡ್ಡ ವ್ಯತ್ಯಾಸ ತರುವುದು ರೂಢಿ. 1995ರಲ್ಲಿ ಥಾಮಸ್ ಎಲ್ಬರ್ಟ್ ಮತ್ತಿತರರು ಪಿಟೀಲಿನಂಥ ತಂತಿವಾದ್ಯ ನುಡಿಸುವವರ ಮಿದುಳು ಪರೀಕ್ಷಿಸಿದರು. ತಂತಿ ಒತ್ತುವ ಎಡಗೈ ಬೆರಳುಗಳಿಗೆ ಅವರ ಮಿದುಳು ಬೇರೆಯವರಿಗಿಂತ ಹೆಚ್ಚು ಜಾಗ ಕೊಟ್ಟಿತ್ತು. ಚಿಕ್ಕ ವಯಸ್ಸಲ್ಲಿ ಕಲಿಯಲು ಶುರು ಮಾಡಿದವರಲ್ಲಂತೂ ಇನ್ನೂ ಹೆಚ್ಚು. ಕಮಾನು ಹಿಡಿಯುವ ಬಲಗೈಯಲ್ಲಿ ಅಂಥದ್ದು ಕಾಣಲಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಹಾರ್ಡ್‌ವೇರ್ ಎರಡೂ ಕಡೆ ಒಂದೇ, ವೈರಿಂಗ್ ಅಡ್ಡಡ್ಡ, ಯಾವ ಕೈಗೆ ಯಾವ ಕೆಲಸ ಹಚ್ಚಿದಿರೋ ಅದಕ್ಕೆ ತಕ್ಕಂತೆ ಮೆಮೊರಿ ಸಿಗುತ್ತದೆ :-)

ಇದನ್ನು ತಿಳಿಯಲು ಲ್ಯಾಬಿಗೆ ಹೋಗಬೇಕಿಲ್ಲ, ನಮ್ಮ ನಾಲ್ಕು ಊರು ಸುತ್ತಿದರೆ ಸಾಕು. ಜಿಲ್ಲೆಗೆ 2025ರಲ್ಲಿ 'ಬೆಂಗಳೂರು ದಕ್ಷಿಣ' ಅಂತ ಹೊಸ ಹೆಸರು ಬಂದಿದೆ, ಕೈಗಳು ಹಳೆಯವೇ.

ರಾಮನಗರದ ಗೂಡಿನ ಮಾರುಕಟ್ಟೆಯನ್ನೇ ತಗೊಳ್ಳಿ. ಏಷ್ಯಾದಲ್ಲೇ ದೊಡ್ಡದು ಅಂತ ಹೆಸರು. ಹರಾಜು ಕಂಪ್ಯೂಟರಿಗೆ ಬಂದಾಯ್ತು, ಆದರೆ ರೇಟು ಕೂಗುವ ಮೊದಲು ರೀಲರ್ ಇವತ್ತಿಗೂ ಲಾಟಿನೊಳಗೆ ಕೈ ಹಾಕುತ್ತಾನೆ. ಎರಡು ಬೆರಳಲ್ಲಿ ಗೂಡನ್ನು ಒತ್ತಿ ನೋಡುತ್ತಾನೆ, ಅಂಗೈಯಲ್ಲಿ ತೂಗುತ್ತಾನೆ, ಮೇಲ್ಮೈ ಸವರುತ್ತಾನೆ, ಕಿವಿ ಹತ್ತಿರ ಅಲ್ಲಾಡಿಸುತ್ತಾನೆ. ಸೂಸನ್ ಲೆಡರ್‌ಮನ್ ಮತ್ತು ರಾಬರ್ಟಾ ಕ್ಲಾಟ್ಸ್ಕಿ 1987ರಲ್ಲಿ ಇದನ್ನೇ ಪಟ್ಟಿ ಮಾಡಿದರು. ಗಟ್ಟಿತನ ತಿಳಿಯಲು ಕೈ ಒತ್ತುತ್ತದೆ, ನುಣುಪು ತಿಳಿಯಲು ಸವರುತ್ತದೆ, ಭಾರ ತಿಳಿಯಲು ಎತ್ತಿ ಹಿಡಿಯುತ್ತದೆ. ನಮ್ಮ ರೀಲರುಗಳು ಆ ಪಟ್ಟಿ ಬರುವ ಎಷ್ಟೋ ಮೊದಲೇ ಅದನ್ನೆಲ್ಲ ಮಾಡುತ್ತಿದ್ದರು.

ಚನ್ನಪಟ್ಟಣದಲ್ಲಿ ನನ್ನ ಗೆಳೆಯನ ತಂದೆ ಗೊಂಬೆ ಮಾಡುತ್ತಾರೆ. ಲೇತಿನಲ್ಲಿ ಹಾಲೆ ಮರದ ತುಂಡು ಗಿರ್ರನೆ ತಿರುಗುತ್ತಿರುತ್ತದೆ. ಉಳಿಯ ಹಿಡಿ ಅವರ ಬಲಗೈಯಲ್ಲಿ. ಎಡಗೈ ಮುಂದೆ, ಉಳಿಯ ಅಲಗಿನ ಹತ್ತಿರ. ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಹತ್ತುತ್ತದೆ, ಆಮೇಲೆ ಗರಿಯಲ್ಲಿ ಒತ್ತಿ ಹೊಳಪು ತರುತ್ತಾರೆ. ಲೇತು ನಿಲ್ಲಿಸಿದ ಮೇಲೆ ಗೊಂಬೆಯ ಮೇಲೆ ಹರಿದಾಡುವುದು ಅವರ ಎಡಗೈ ಬೆರಳು. ಬಲಗೈ ಯಾಕಲ್ಲ ಅಂದಿದ್ದಕ್ಕೆ ಅಂಗೈ ತೋರಿಸಿದರು. ಬಲಗೈ ತುಂಬ ದಡ್ಡುಗಟ್ಟಿದೆ. 2013ರಲ್ಲಿ ಸ್ವೀಡನ್ನಿನ ಸಂಶೋಧಕರು ಬೆರಳು ಸವರುವಾಗ ಕೇವಲ 13 ನ್ಯಾನೊಮೀಟರ್ ಎತ್ತರದ ಸುಕ್ಕುಗಳನ್ನೂ ನುಣುಪಾದ ಮೇಲ್ಮೈಯಿಂದ ಬೇರೆ ಅಂತ ಗುರುತಿಸಬಲ್ಲದು ಅಂತ ತೋರಿಸಿದ್ದರು. ಆ ಕೊಡುಗೆಯನ್ನು ನಾವು ಒಂದು ಕೈಯಲ್ಲಿ ಸವೆಸುತ್ತೇವೆ, ಇನ್ನೊಂದರಲ್ಲಿ ಉಳಿಸಿಕೊಳ್ಳುತ್ತೇವೆ.

ಕನಕಪುರ ಕಡೆಯ ನನ್ನ ಅಜ್ಜಿ ಮುದ್ದೆ ಬೆಂದಿದೆಯಾ ಅಂತ ನೋಡಲು ಬೆರಳು ನೀರಲ್ಲಿ ಅದ್ದಿ ಹಿಟ್ಟು ಮುಟ್ಟುತ್ತಿದ್ದಳು. ಅಂಟಲಿಲ್ಲ ಅಂದರೆ ಬೆಂದಿದೆ. ಅನ್ನಕ್ಕೆ ಎಡಗೈ ತಾಕಿಸಬಾರದು ಅಂತ ಬೈಯುತ್ತಿದ್ದವಳೂ ಅವಳೇ, ಮುದ್ದೆ ಕಟ್ಟುವಾಗ ಎರಡೂ ಅಂಗೈ ಬಳಸುತ್ತಿದ್ದವಳೂ ಅವಳೇ. ಒಂದು ಕೈಯಲ್ಲಿ ಮುದ್ದೆ ಉಂಡೆ ಆಗುವುದಾದರೂ ಹೇಗೆ ಹೇಳಿ!

ಮಾಗಡಿ ರಂಗನಾಥಸ್ವಾಮಿ ಜಾತ್ರೆಯ ದನದ ವ್ಯಾಪಾರದ ಬಗ್ಗೆ ತಾತ ಹೇಳುತ್ತಿದ್ದುದು ಬೇರೆಯೇ ಕಥೆ. ಮೇಲೊಂದು ಟವೆಲ್, ಕೆಳಗೆ ಎರಡು ಬಲಗೈ. ಎಷ್ಟು ಬೆರಳು ಹಿಡಿದರೋ ಅಷ್ಟು ಬೆಲೆ, ಸುತ್ತ ನಿಂತವರಿಗೆ ಒಂದೂ ಗೊತ್ತಾಗುವುದಿಲ್ಲ. ಅಂಕಿಯ ಮಾತು ನಡೆಯುವುದು ಪೂರ್ತಿ ಸ್ಪರ್ಶದಲ್ಲೇ, ಅದೂ ಬಲಗೈಯಲ್ಲಿ. ಅಂದರೆ ಬಲಗೈ ದಡ್ಡ ಅಂತ ನಾನು ಹೇಳುತ್ತಿಲ್ಲ. ಅದಕ್ಕೂ ಓದಲು ಬರುತ್ತದೆ, ಓದುವ ಕೆಲಸ ಕೊಡಬೇಕು ಅಷ್ಟೆ.

ಇಲ್ಲಿ ಒಂದು ಕಹಿ ಮಾತು ಹೇಳಲೇಬೇಕು. ಕೈಯ ಜಾಣತನವನ್ನು ಹೊಗಳುವುದು ಸುಲಭ. ಆ ಹೊಗಳಿಕೆಯಿಂದ ನಮ್ಮ ಊರಲ್ಲಿ ಅನ್ಯಾಯವೂ ಆಗಿದೆ. 2009ರಲ್ಲಿ ಕೆನಡಾದ ಸಂಶೋಧಕರು ಬೆರಳ ತುದಿ ಚಿಕ್ಕದಾದಷ್ಟೂ ಸ್ಪರ್ಶ ಸೂಕ್ಷ್ಮ ಅಂತ ತೋರಿಸಿದರು. ಹೆಂಗಸರ ಸ್ಪರ್ಶ ಗಂಡಸರದ್ದಕ್ಕಿಂತ ಚುರುಕಾಗಿರಲು ಬೆರಳಿನ ಅಳತೆಯೇ ಕಾರಣ ಅಂದರು. ಆದರೆ 'ಸಣ್ಣ ಬೆರಳು, ಚುರುಕು ಬೆರಳು' ಅನ್ನುವ ಮಾತನ್ನು ನಮ್ಮ ಕಡೆಯ ರೇಷ್ಮೆ ಘಟಕಗಳಲ್ಲಿ ಬೇರೆಯದೇ ಕೆಲಸಕ್ಕೆ ಬಳಸಿದ್ದರು. ಹ್ಯೂಮನ್ ರೈಟ್ಸ್ ವಾಚ್ 1996ರಲ್ಲಿ ಜೀತದ ಮಕ್ಕಳ ಬಗ್ಗೆ ತಂದ ವರದಿಯ ಹೆಸರಲ್ಲೇ 'ಸಣ್ಣ ಕೈಗಳು' ಇದೆ. ನೂಲು ತೆಗೆಯುವ ಮಕ್ಕಳು ಸುಡುವ ನೀರಿಗೆ ಬರಿಗೈ ಹಾಕಿ, ಎಳೆ ಬಿಟ್ಟಿದೆಯಾ ಅಂತ ಮುಟ್ಟಿ ನೋಡಬೇಕಿತ್ತು. ಚಮಚ ಬಳಸಲು ಬಿಡುತ್ತಿರಲಿಲ್ಲ. ಕಾರಣ? ಕೈಗೆ ಚೆನ್ನಾಗಿ ಗೊತ್ತಾಗುತ್ತದೆ ಅಂತ! 2003ರಲ್ಲಿ ಅದೇ ಸಂಸ್ಥೆ ರೇಷ್ಮೆ ಉದ್ಯಮದ ಬಗ್ಗೆಯೇ ಇನ್ನೊಂದು ವರದಿ ಮಾಡಬೇಕಾಯಿತು.

ಅಮ್ಮ ಕೆಲಸಕ್ಕೆ ಸೇರಿದ್ದು ಮದುವೆಯಾದ ಮೇಲೆ, ದೊಡ್ಡವಳಾಗಿ. ಆದರೂ ಈಗ ಅವಳ ಬಲಗೈ ತೋರುಬೆರಳಿಗೆ ಸೂಜಿ ಚುಚ್ಚಿದರೂ ಸರಿಯಾಗಿ ಗೊತ್ತಾಗುವುದಿಲ್ಲ. ಬಿಸಿ ನೀರಿಗೆ ಮೊದಲು ಇಳಿಯುತ್ತಿದ್ದುದು ಅದೇ ಬೆರಳು. ಈಗ ಸೀರೆ ಅಂಗಡಿಗೆ ಹೋದರೆ ಬಟ್ಟೆ ಮುಟ್ಟಿ ನೋಡುವುದು ಎಡಗೈಯಲ್ಲಿ. 'ಎಡಗೈ ನೋಡ್ಕೊಳ್ಳುತ್ತೆ' ಅನ್ನುವ ಮಾತಿಗೆ ಈ ಅರ್ಥವೂ ಇದೆ ಅಂತ ನನಗೆ ಹೊಳೆದಿದ್ದು ತಡವಾಗಿ. ಆಟೋಮ್ಯಾಟಿಕ್ ರೀಲಿಂಗ್ ಮೆಷಿನ್ನುಗಳಲ್ಲಿ ನೂಲು ತೆಳುವಾದದ್ದನ್ನು ಒಂದು ಸಣ್ಣ ಮಾಪಕ ಗುರುತಿಸಿ ಹೊಸ ಗೂಡು ಸಿಕ್ಕಿಸುತ್ತದೆ. ಕೈಗಾರಿಕೆ ಹೋಯಿತು ಅಂತ ಕೊರಗುವವರನ್ನು ನೋಡಿದ್ದೇನೆ. ಬೆರಳು ಬೇಯುವ ಕೆಲಸವನ್ನು ಮೆಷಿನ್ ಮಾಡಿದರೆ ನನಗಂತೂ ಕೊರಗಿಲ್ಲ.

ಸರಿ, ಪುಟ್ಟಿಯ ವಿಷಯಕ್ಕೆ ಬರೋಣ. ಜಗತ್ತಿನಲ್ಲಿ ಹತ್ತಕ್ಕೆ ಒಬ್ಬರು ಎಡಚರು. ನಮ್ಮ ಭಾಷೆಯೋ, ಮೊದಲೇ ಪಕ್ಷ ವಹಿಸಿಬಿಟ್ಟಿದೆ. 'ಬಲ' ಅಂದರೆ ಶಕ್ತಿಯೂ ಹೌದು, ನಂಬಿಕೆಯವನು 'ಬಲಗೈ ಭಂಟ'. ಎಡಗೈಯವನಿಗೆ ಸಿಕ್ಕಿದ್ದು 'ಎಡಚ' ಅನ್ನುವ ಹೀಯಾಳಿಕೆ ಮಾತ್ರ. ಊಟ, ಪೂಜೆಗೆ ಒಂದು ಕೈ, ಶೌಚಕ್ಕೆ ಒಂದು ಕೈ ಅಂತ ಹಿಂದಿನವರು ಮಾಡಿದ್ದಕ್ಕೆ ಅವರ ಕಾಲದಲ್ಲಿ ಅರ್ಥ ಇತ್ತು, ಒಪ್ಪೋಣ. ಸೋಪು ಬಂದ ಮೇಲೂ ಪೆನ್ಸಿಲ್ಲಿಗೆ ಯಾಕೆ ಮಡಿ?

ಬಾಲ್ಯದಲ್ಲೇ ಬಲಗೈಗೆ ಬದಲಾಯಿಸಿದ ಎಡಚರ ಮಿದುಳನ್ನು ಜರ್ಮನಿಯಲ್ಲಿ ಸ್ಕ್ಯಾನ್ ಮಾಡಿ 2007ರಲ್ಲಿ ವರದಿ ಮಾಡಿದರು. ಅವರು ದಶಕಗಳಿಂದ ಬಲಗೈಯಲ್ಲಿ ಬರೆಯುತ್ತಿದ್ದವರು. ಆದರೂ ಕೈಚಲನೆಯನ್ನು ಯೋಜಿಸುವ ಭಾಗಗಳಲ್ಲಿ ಎಡಚತನ ಹಾಗೇ ಉಳಿದಿತ್ತು. ಅಂದರೆ ಪೆನ್ಸಿಲ್ಲು ಕೈ ಬದಲಾಯಿಸಬಹುದು, ಮಗು ಪೂರ್ತಿ ಬದಲಾಗುವುದಿಲ್ಲ. ಮಧ್ಯದಲ್ಲಿ ನಾವು ಮಾಡುವುದು ಏನು ಅಂದರೆ, ಮಗುವಿಗೆ ಚೆನ್ನಾಗಿ ಗೊತ್ತಿರುವ ಒಂದು ಕೈಗೆ 'ನಿನಗೆ ಏನೂ ಗೊತ್ತಿಲ್ಲ' ಅಂತ ದಿನಾ ಹೇಳುವುದು.

ಆ ಭಾನುವಾರ ರಾತ್ರಿ ಕರೆಂಟು ಹೋಗಿತ್ತು. ಅಮ್ಮ ಒಂದು ಬಟ್ಟೆಯ ಚೀಲಕ್ಕೆ ಚಿಲ್ಲರೆ ಕಾಸು ಹಾಕಿ ಪುಟ್ಟಿಗೆ ಕೊಟ್ಟಳು. ಒಂದು, ಎರಡು, ಐದು, ಹತ್ತು ರೂಪಾಯಿ, ಜೊತೆಗೆ 2019ರಲ್ಲಿ ಘೋಷಿಸಿದ ಹನ್ನೆರಡು ಮೂಲೆಯ ಇಪ್ಪತ್ತರ ನಾಣ್ಯ. ಆ ಸರಣಿಯನ್ನು ಮಾಡಿದ್ದೇ ಕಣ್ಣು ಕಾಣದವರು ಮುಟ್ಟಿ ಗುರುತಿಸಲಿ ಅಂತ. "ಹತ್ತು ರೂಪಾಯಿ ತೆಗಿ" ಅಂದರೆ ಪುಟ್ಟಿ ಎಡಗೈ ಹಾಕಿ ತೆಗೆಯುತ್ತಿದ್ದಳು, ಒಂದೂ ತಪ್ಪಲಿಲ್ಲ. ಬಲಗೈ ಹಾಕು ಅಂದೆ. ಎರಡು ತಪ್ಪಿತು. ಆಮೇಲೆ ಅಕ್ಕನ ಸರದಿ. ಇದು ಸಂಶೋಧನೆ ಅಲ್ಲ, ಬರೀ ಆಟ. ಅಕ್ಕ ಬಲಗೈಯಲ್ಲಿ ಮೂರು ತಪ್ಪು ಮಾಡಿ, ಕೈ ಬದಲಾಯಿಸಿ, ಎಡಗೈಯಲ್ಲಿ ಒಂದೇ ತಪ್ಪು ಮಾಡಿದಳು. ಯಾರೂ ಏನೂ ಮಾತಾಡಲಿಲ್ಲ. ಪುಟ್ಟಿ ಮಾತ್ರ ಜೋರಾಗಿ ನಕ್ಕಳು.

ಸೋಮವಾರ ಬೆಳಿಗ್ಗೆ ಅಕ್ಕ ಡೈರಿಯಲ್ಲಿ ಮಿಸ್ಸಿಗೆ ಎರಡು ಸಾಲು ಬರೆದು ಕಳಿಸಿದಳಂತೆ. ಏನು ಉತ್ತರ ಬರುತ್ತೋ ಗೊತ್ತಿಲ್ಲ. ಬಡಿಸುವಾಗ ಮಾತ್ರ ಬಲಗೈ ಅಂತ ಅವಳ ಷರತ್ತು. ಇರಲಿ, ಅಷ್ಟಕ್ಕೆ ಜಗಳ ಬೇಡ.

ಕೊನೆಗೆ ಒಂದು ಮಾತು. ಇದನ್ನು ನಾನು ಟೈಪ್ ಮಾಡುತ್ತಿರುವುದು ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ. ಎಫ್ ಮತ್ತು ಜೆ ಕೀಗಳ ಮೇಲೆ ಎರಡು ಸಣ್ಣ ಗೆರೆ ಉಬ್ಬಿರುತ್ತದೆ, ಎಡಗೈಗೆ ಒಂದು, ಬಲಗೈಗೆ ಒಂದು, ನೋಡದೇ ಜಾಗ ಗೊತ್ತಾಗಲಿ ಅಂತ. ಇನ್‌ಸ್ಕ್ರಿಪ್ಟಿನಲ್ಲಿ ವ್ಯಂಜನಗಳಲ್ಲಿ ಹೆಚ್ಚಿನವು ಬಲಗೈ ಕಡೆ, ಸ್ವರಗಳು ಬಹುತೇಕ ಎಡಗೈ ಕಡೆ. ಬಲಗೈ 'ಕ' ಒತ್ತಿದರೆ ಎಡಗೈ ಅದಕ್ಕೆ ಗುಡಿಸು ಕೊಡಬೇಕು, ಆಗಲೇ 'ಕಿ'. ಪುಟ್ಟಿ ಅಳುತ್ತಾ ಬಲಗೈಯಲ್ಲಿ ಗೀಚುತ್ತಿದ್ದ ಆ ಅ ಆ ಇ ಈ ನಾಲ್ಕಕ್ಕೂ ಇಲ್ಲಿ ನನ್ನ ಎಡಗೈ ಬೆರಳೇ ಹೋಗಬೇಕು.

ನಿಮ್ಮ ಮನೆಯಲ್ಲೂ ಎಡಚರಿದ್ದಾರಾ? ಚೀಲಕ್ಕೆ ಕಾಸು ಹಾಕಿ ಒಮ್ಮೆ ಆಡಿ ನೋಡಿ. ಯಾವ ಕೈ ಗೆದ್ದಿತು ಅಂತ ಹೇಳಿ.